ಹಳ್ಳದ ಕಡೆಯ ಕಣ್ಣು

“ಏ ಎರೆಹುಳ! ಸತ್ತ್ಯೇನೋ ಒಳಗೆ? ಸತ್ತಿದ್ರೆ ಹೇಳ್ಬಿಡು, ಮೇಲಿಂದ ಮಣ್ಣು ಎಳಿಸ್ತೀನಿ. ನಿನ್ ಹೆಂಡ್ತಿಗೆ ಹೆಣ ಹೊರೋ ಕೆಲಸನಾದ್ರೂ ತಪ್ಪುತ್ತೆ!”

ಧಣಿ ಗುಂಡಿಯ ಬಾಯಲ್ಲಿ ನಿಂತು ಕೂಗಿದ. ಆ ಹೆಂಡತಿ ನಾನೇ. ಅವನಿಂದ ಎರಡೇ ಮಾರು ದೂರದಲ್ಲಿ ರಾಟೆಯ ಹಗ್ಗ ಹಿಡಿದು ನಿಂತಿದ್ದೆ. ನನಗೆ ಕಿವಿಯಿದೆ ಎನ್ನುವುದು ಅವನಿಗೆ ಯಾವತ್ತೂ ಹೊಳೆದದ್ದಿಲ್ಲ.

ಬಾವಿ ತೋಡುವುದು ನಮ್ಮ ಕೇರಿಯ ಕಸುಬು. ಗಂಡಸರು ಇಳಿಯುತ್ತಾರೆ, ಹೆಂಗಸರು ಎಳೆಯುತ್ತೇವೆ. ಆಳದಿಂದ ಕೂಗಿದ ಮಾತು ಗೋಡೆಗೆ ಬಡಿದು ಕಲಸಿಹೋಗುತ್ತದೆ, ಅದಕ್ಕೆ ನಾವು ಹಗ್ಗದಲ್ಲೇ ಮಾತಾಡುತ್ತೇವೆ. ಕೆಳಗಿದ್ದವನು ಒಂದು ಸಲ ಎಳೆದರೆ ತುಂಬಿದ ಬುಟ್ಟಿ ಮೇಲೆತ್ತು ಎಂದರ್ಥ. ಎರಡು ಸಲ ಎಳೆದರೆ ಬುಟ್ಟಿ ಕೆಳಗೆ ಬಿಡು. ಮೂರು ಸಲ ಎಳೆದರೆ ಬುಟ್ಟಿ ಹಾಳಾಗಿಹೋಗಲಿ, ಮೊದಲು ನನ್ನನ್ನು ಎತ್ತು.

ಆ ದಿನ ಹಗ್ಗ ಬಹಳ ಹೊತ್ತಿನಿಂದ ಸುಮ್ಮನಿತ್ತು.

ಅದು ಬಾವಿಯೂ ಅಲ್ಲ, ಇಂಗುಗುಂಡಿ. ಹಳ್ಳದ ದಂಡೆಯಲ್ಲಿ ಧಣಿಯ ಜಮೀನು. ಅದರ ಕೆಳಗೆ ಇಳಿಜಾರಿನಲ್ಲಿ ನಮ್ಮ ಕೇರಿ, ಕೇರಿಯ ನಡುವೆ ನಮ್ಮದೊಂದೇ ಬಾವಿ. ಹಳ್ಳ ಮೈದುಂಬಿ ಹರಿಯುವಾಗ ಹೆಚ್ಚಾದ ನೀರು ಆ ಗುಂಡಿಗೆ ಬಿದ್ದು, ನೆಲಕ್ಕೆ ಇಂಗಿ, ನಮ್ಮ ಬಾವಿ ತುಂಬುತ್ತದಂತೆ. ಇಂಜಿನಿಯರ್ ಬಂದು ಕಾಗದದ ಮೇಲೆ ಗೀಟು ಎಳೆದು ತೋರಿಸಿದ್ದ. ಯೋಜನೆ ಸರ್ಕಾರದ್ದು, ಜಾಗ ಧಣಿಯದು, ರಟ್ಟೆ ನಮ್ಮದು. ನಮ್ಮ ಬಾವಿಗೇ ನೀರು ಬರುತ್ತದೆಂದು ನಾವು ಹಾಡಿಕೊಂಡು ಅಗೆದೆವು. ಹಾಡಿಕೊಂಡು! ಈಗ ನೆನೆಸಿಕೊಂಡರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕೆನ್ನಿಸುತ್ತದೆ.

ಕೊನೆಗೆ ಹಗ್ಗ ಒಂದು ಸಲ ಅಲುಗಿತು. ಎಳೆದೆ. ಭಾರವೆಂದರೆ ಭಾರ. ಬುಟ್ಟಿ ಮೇಲೆ ಬಂದಾಗ ಅದರ ತುಂಬ ಬಿಳಿ ಮರಳು, ನಾಲ್ಕೂ ಕಡೆಯಿಂದ ನೀರು ಸುರಿಯುತ್ತಿತ್ತು. ಧಣಿ ಬಗ್ಗಿ ಆ ಮರಳನ್ನು ಹಿಡಿದು ಹಿಂಡಿದ. ಅವನ ಬಾಯಲ್ಲಿದ್ದ ಬೈಗುಳ ಅಲ್ಲೇ ನಿಂತಿತು.

ಆಮೇಲೆ ಮೂರು ಸಲ ಎಳೆತ. ನನ್ನ ಗಂಡನನ್ನು ಎತ್ತಿದೆವು. ಎದೆಯವರೆಗೆ ಒದ್ದೆ, ಬಲಗೈ ಭುಜದ ತನಕ ಕೆಸರು. ಅವನು ನನ್ನ ಮುಖ ನೋಡಲಿಲ್ಲ. ಧಣಿ ಅವನ ಹೆಗಲ ಮೇಲೆ ಕೈ ಹಾಕಿ ಹುಣಸೆಮರದ ಆಚೆಗೆ ಕರೆದುಕೊಂಡು ಹೋದ. ಹುಳದ ಹೆಗಲ ಮೇಲೆ ಧಣಿಯ ಕೈ! ಬೈಯುವವನು ಬೈದರೆ ನನಗೆ ಭಯವಿಲ್ಲ, ಬೈಯದೆ ಇದ್ದರೆ ನಿದ್ದೆ ಬರುವುದಿಲ್ಲ.

“ಸಾಕು, ಕೆಲಸ ಆಯ್ತು. ಮನೆಗ್ ಹೋಗ್ರಿ ಎಲ್ಲ” ಎಂದ ಧಣಿ ವಾಪಸು ಬಂದು.

“ಜಲ್ಲಿ ತುಂಬಬೇಕಲ್ಲ ಧಣಿ? ತಳಕ್ಕೆ ಜಲ್ಲಿ, ಮೇಲೆ ಮರಳು ಅಂತ ಇಂಜಿನಿಯರು ಹೇಳಿದ್ರು” ಎಂದೆ.

“ಜಲ್ಲಿ ನಿನ್ ಬಾಯಿಗ್ ತುಂಬ್ತೀನಿ. ನಡಿಯೇ!”

ಜಲ್ಲಿ ಬರಲಿಲ್ಲ. ಅದರ ಬದಲು ಒಂದು ಕಲ್ಲುಚಪ್ಪಡಿ ಬಂತು, ಗುಂಡಿಯ ಬಾಯಿ ಮುಚ್ಚಿತು. ಚಪ್ಪಡಿಯ ಮೇಲೆ ತಗಡಿನ ಶೆಡ್ಡು, ಶೆಡ್ಡಿಗೆ ಬೀಗ, ಬೀಗಕ್ಕೆ ಕಾವಲು. ಒಂದು ವಾರಕ್ಕೆ ಶೆಡ್ಡಿನೊಳಗಿಂದ ಗುಂಯ್ ಎನ್ನುವ ಸದ್ದು ಶುರುವಾಯಿತು. ಏನದು ಎಂದು ಕಾವಲುಗಾರನನ್ನು ಕೇಳಿದೆ. ನೀರು ಬೇಗ ಇಂಗಲಿ ಅಂತ ಗುಂಡಿಗೆ ಗಾಳಿ ಹೊಡೀತಿದಾರೆ ಎಂದ. ಗಾಳಿ ಹೊಡೆಯಲು ಅದೇನು ಸೈಕಲ್ಲಿನ ಗಾಲಿಯೇ? ನಕ್ಕು ಬಂದೆ, ಆದರೆ ದಾರಿಯುದ್ದಕ್ಕೂ ಟ್ಯಾಂಕರಿನ ಚಕ್ರದ ಗುರುತು ಒದ್ದೆಯಾಗಿತ್ತು.

*

ನಮ್ಮ ಬಾವಿಯಲ್ಲಿ ಒಂದು ನಿಲ್ಲುಗಲ್ಲು ಇದೆ. ಕಟ್ಟುವಾಗಲೇ ನನ್ನ ಗಂಡನ ತಾತ ಗೋಡೆಯಿಂದ ಒಂದು ಮೊಳ ಮುಂದಕ್ಕೆ ಚಾಚಿ ಕೂರಿಸಿದ ಬಿಳಿಕಲ್ಲು. ನೀರು ಅದಕ್ಕಿಂತ ಕೆಳಗಿಳಿದರೆ ಯಾರೂ ಸೇದುವಂತಿಲ್ಲ. ಎಲ್ಲರೂ ಕೊಡ ಎತ್ತಿಕೊಂಡು ಮನೆಗೆ ಹೋಗಬೇಕು, ಮರುದಿನ ನೀರು ಮತ್ತೆ ಕಲ್ಲು ಮುಟ್ಟುವ ತನಕ ಬಾವಿಯನ್ನು ಬಿಡಬೇಕು. ಬಾಣಂತಿ ಇರುವ ಮನೆಗೆ ಮಾತ್ರ ಎರಡು ಕೊಡ. ಮೂರು ತಲೆಮಾರಿನಿಂದ ನಮ್ಮಲ್ಲಿ ಗಂಡ ಹೆಂಡಿರು ಹೊಡೆದಾಡಿದ್ದಾರೆ, ಅಣ್ಣತಮ್ಮಂದಿರು ತಲೆ ಒಡೆದುಕೊಂಡಿದ್ದಾರೆ, ಆದರೆ ಆ ಕಲ್ಲನ್ನು ಮೀರಿದವರಿಲ್ಲ.

ಶೆಡ್ಡಿನ ಸದ್ದು ಶುರುವಾಗಿ ಇಪ್ಪತ್ತು ದಿನಕ್ಕೆ ನೀರು ಕಲ್ಲಿನಿಂದ ಕೆಳಗಿಳಿಯಿತು. ಮರುದಿನ ಮೇಲೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ತಿಂಗಳು ಕಳೆಯುವಷ್ಟರಲ್ಲಿ ಬಾಣಂತಿಗೆಂದು ಇಳಿಸಿದ ಕೊಡವೂ ತಳ ಕೆರೆದು ಮೇಲೆ ಬರುತ್ತಿತ್ತು, ಅರ್ಧ ಕೆಸರು. ಅತ್ತ ಹಳ್ಳದಲ್ಲಿ ನೀರು ಹರಿಯುತ್ತಲೇ ಇತ್ತು, ಸಣ್ಣಗಾದರೂ ಹರಿಯುತ್ತಿತ್ತು. ಹಳ್ಳದಲ್ಲಿ ನೀರಿರುವಾಗ ನಮ್ಮ ಬಾವಿ ಬತ್ತಿದ್ದು ಯಾರ ನೆನಪಿನಲ್ಲೂ ಇಲ್ಲ.

ನನ್ನ ಅತ್ತೆಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ. ಆದರೂ ಕೋಲೂರಿಕೊಂಡು ಹೋಗಿ ಬಾವಿಯೊಳಗೆ ಬಗ್ಗಿದಳು. ನೀರು ಒಸರುವ ಬಿಲಕ್ಕೆ ನಾವು ಕಣ್ಣು ಅನ್ನುತ್ತೇವೆ. ನಮ್ಮ ಬಾವಿಗಿರುವುದು ಒಂದೇ ಕಣ್ಣು, ಹಳ್ಳದ ಕಡೆಗೆ.

“ನನ್ ಕಣ್ಣಿಗೆ ಪೊರೆ ಬಂತು, ವಯಸ್ಸಾಯ್ತು ಅನ್ನೋಣ. ಇದಕ್ಕೇನ್ ಬಂತೇ ರೋಗ?” ಎಂದಳು. “ಯಾರೋ ಮೇಲ್ಗಡೆ ಕೈ ಇಟ್ಟವ್ರೆ.”

ಇದನ್ನು ಕೇಳಿಸಿಕೊಂಡ ಮೂಲೆಮನೆಯಕ್ಕ ಕೊಡವನ್ನು ನೆಲಕ್ಕೆ ಕುಕ್ಕಿದಳು. ಅವಳ ಸೊಸೆ ಬಾಣಂತಿ, ಆ ದಿನ ಸಿಗಬೇಕಾದ ಎರಡು ಕೊಡವೂ ಸಿಕ್ಕಿರಲಿಲ್ಲ.

“ಯಾರು ಕೈ ಇಟ್ರೋ ನಿನ್ ಮಗನ್ನೇ ಕೇಳಮ್ಮ. ಗುಂಡಿಗಿಳಿದು ಬಂದಾಗಿಂದ ಬಾಯಿಗೆ ಹೊಲಿಗೆ ಹಾಕ್ಕೊಂಡ್ ಕೂತವ್ನೆ. ಧಣಿ ಏನ್ ತಿನ್ನಿಸಿದ್ನೋ!”

“ಬಾಯಿಗ್ ಬಂದಂಗೆ ಮಾತಾಡ್ಬೇಡಕ್ಕ!” ಎಂದು ನಾನು ಅವಳ ಮೇಲೆ ಹಾರಿದೆ. ಜಗಳವೇನೋ ಜೋರಾಗಿಯೇ ಆಡಿದೆ, ಅವಳ ವಂಶವನ್ನೆಲ್ಲ ಜಾಲಾಡಿದೆ. ಆದರೆ ಒಳಗೆ ನನಗೂ ಅದೇ ಅನುಮಾನ. ನನ್ನ ಗಂಡ ಊಟಕ್ಕೆ ಕೂತರೆ ತಟ್ಟೆ ನೋಡುತ್ತಿದ್ದ, ಎದ್ದರೆ ನೆಲ ನೋಡುತ್ತಿದ್ದ. ಬಾವಿಯ ಕಡೆಗೆ ತಲೆ ಹಾಕಿದವನಲ್ಲ. ಅವನು ಹೊರಗೆ ಹೋದಾಗ ಅವನ ಅಂಗಿಯ ಜೇಬು, ಟ್ರಂಕು, ಮಾಡಿನ ಸಂದಿ ಎಲ್ಲ ತಡಕಾಡಿದೆ. ಏನೂ ಸಿಗಲಿಲ್ಲ. ಸಿಗದೆ ಇದ್ದದ್ದೂ ಅನುಮಾನಕ್ಕೇ ಕಾರಣವಾಯಿತು.

*

ನಾನೂ ಮೂಲೆಮನೆಯಕ್ಕನೂ ನೀರಿನ ಕಚೇರಿಗೆ ಹೋದೆವು. ಜಗಳ ಜಗಳದ ಪಾಡಿಗೆ, ನೀರು ನೀರಿನ ಪಾಡಿಗೆ. ಹಳ್ಳ ಕೆರೆಗಳ ನೀರಿನ ಇಲಾಖೆ ಕೆಳಗಿನ ಕೋಣೆಯಲ್ಲಿ. ಅಲ್ಲಿದ್ದ ಗುಮಾಸ್ತ ನಮ್ಮ ಮಾತನ್ನು ಅರ್ಧಕ್ಕೇ ತಡೆದ.

“ಬಾವಿ ನಮಗೆ ಬರಲ್ಲ. ನೆಲದೊಳಗಿನ ನೀರು ಮೇಲಿನ ಮಹಡಿ. ಅಲ್ಲಿ ಹೋಗಿ.”

ಮೇಲೆ ಹತ್ತಿದೆವು. ಅಲ್ಲಿಯ ಗುಮಾಸ್ತ, “ಹಳ್ಳದ ದಂಡೆ ಅಂದ್ಮೇಲೆ ನಮಗೆ ಬರಲ್ಲ. ನೆಲದ ಮೇಲಿನ ನೀರು ಕೆಳಗಿನ ಮಹಡಿ” ಎಂದ.

“ಹಂಗಾದ್ರೆ ಮೇಲಿನ ನೀರು ಕೆಳಗೆ, ಕೆಳಗಿನ ನೀರು ಮೇಲೆ. ಮಧ್ಯದ ಮೆಟ್ಟಲ ಮೇಲೆ ಯಾವ ನೀರು ಸ್ವಾಮಿ?” ಎಂದು ಮೂಲೆಮನೆಯಕ್ಕ ಕೇಳಿದಳು. ಅವಳು ನಿಜವಾಗಿಯೇ ಕೇಳಿದ್ದು, ತಮಾಷೆಗಲ್ಲ. ಗುಮಾಸ್ತನಿಗೆ ಸಿಟ್ಟು ಬಂತು. ಗಲಾಟೆ ಕೇಳಿ ಇಂಜಿನಿಯರ್ ಒಳಗಿಂದ ಬಂದ. ನಾವು ನಿಂತ ಜಾಗದಲ್ಲಿ ಕಾಲಿನ ಕೆಸರು ಬಿದ್ದಿತ್ತು. ಮೊದಲು ಅವನು ನೋಡಿದ್ದು ನಮ್ಮನ್ನಲ್ಲ, ಅದನ್ನು.

“ಮೊದ್ಲು ಆಚೆ ನಿಂತ್ಕೊಳ್ರಿ. ಜವಾನ, ಇಲ್ಲಿ ಒರೆಸೋ.”

ಹೊಸಲಾಚೆ ನಿಂತು ಹೇಳಿದೆವು. ಹಳ್ಳದ ನೀರೇ ಒಳಗೊಳಗೇ ಹರಿದು ನಮ್ಮ ಬಾವಿಗೆ ಬರುವುದು, ನಡುವೆ ಯಾರೋ ಹಿಡಿಯುತ್ತಿದ್ದಾರೆ ಎಂದೆವು. ಅವನು ನಕ್ಕ.

“ಹಳ್ಳದ ನೀರು ಬೇರೆ, ಅಂತರ್ಜಲ ಬೇರೆ. ನಿಮ್ಗೆ ಗೊತ್ತಾಗಲ್ಲ ಬಿಡಿ. ನೀವು ಜಾಸ್ತಿ ಸೇದಿದೀರಿ, ಬಾವಿ ಬತ್ತಿದೆ ಅಷ್ಟೇ. ಲೆಕ್ಕ ಇಲ್ಲ, ಶಿಸ್ತು ಇಲ್ಲ.”

“ನಮ್ಮಲ್ಲಿ ನಿಲ್ಲುಗಲ್ಲು ಇದೆ ಸ್ವಾಮಿ. ಅದಕ್ಕಿಂತ ಕೆಳಗೆ ಯಾರೂ…”

“ಕಲ್ಲು ದಾಖಲೆ ಅಲ್ಲಮ್ಮ. ಇದು ದಾಖಲೆ.” ಅವನು ಒಂದು ಫೈಲು ತಂದು ಬಿಚ್ಚಿ ದೂರದಿಂದಲೇ ತೋರಿಸಿದ. “ಇಂಗುಗುಂಡಿ ಕಾಮಗಾರಿ ಪೂರ್ಣ. ಜಲ್ಲಿ ತುಂಬಿದೆ. ತೋಡುವಾಗ ನೀರು ಕಾಣಿಸಲಿಲ್ಲ ಅಂತ ತೋಡಿದವನೇ ಸಹಿ ಹಾಕಿದಾನೆ. ನೋಡಿ, ನಿಮ್ಮ ಕೇರಿಯವನೇ ತಾನೆ?”

ನನ್ನ ಗಂಡ ಅಕ್ಷರ ಕಲಿತದ್ದು ನನ್ನಿಂದ. ಅವನ ಸಹಿಯ ಕೊನೆಯ ಬಾಲ ಕೆಳಕ್ಕೆ ಬಾಗುತ್ತದೆ, ಎಷ್ಟು ತಿದ್ದಿದರೂ ಸರಿಹೋಗಲಿಲ್ಲ. ಕಾಗದದ ಮೇಲೆ ಆ ಬಾಲ ಕೆಳಕ್ಕೆ ಬಾಗಿತ್ತು. ಮೂಲೆಮನೆಯಕ್ಕ ನನ್ನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಹಿಂದಿರುಗುವಾಗ ಅವಳು ರಸ್ತೆಯ ಆ ಬದಿ ನಡೆದಳು, ನಾನು ಈ ಬದಿ.

*

ಮನೆಗೆ ಬಂದಾಗ ಅವನು ಜಗುಲಿಯಲ್ಲಿ ಕೂತು ಹಾರೆಯ ಮೂತಿ ತಟ್ಟುತ್ತಿದ್ದ. ಸುತ್ತಿಗೆಯನ್ನು ಅವನ ಕೈಯಿಂದ ಕಿತ್ತುಕೊಂಡೆ.

“ನೀರು ಕಾಣಿಸ್ಲಿಲ್ಲ ಅಂತ ಸಹಿ ಹಾಕಿದ್ಯಾ? ಆ ಬುಟ್ಟಿ ಎಳೆದೋಳು ನಾನು ಕಣೋ! ಈ ಕೈ ಎಳೆದದ್ದು! ಎಷ್ಟಕ್ಕೆ ಮಾರ್ಕೊಂಡೆ ಹೇಳು, ಕೇರಿನ ಎಷ್ಟಕ್ಕೆ ಮಾರ್ಕೊಂಡೆ?”

“ಏನೂ ಇಸ್ಕೊಂಡಿಲ್ಲ. ನಮ್ಮವ್ವನಾಣೆಗೂ ಇಲ್ಲ.”

“ಮತ್ತೆ?”

ಅವನು ಬಲಗೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡ, ಬೇರೆಯವರ ಕೈ ನೋಡುವವನ ಹಾಗೆ.

“ನಾಲ್ಕಾಳು ಆಳಕ್ಕೆ ಹೋದಾಗ ಹಳ್ಳದ ಕಡೆ ಗೋಡೆ ತಣ್ಣಗಿತ್ತು. ಬೆರಳಿಟ್ಟೆ. ಒಸರ್ತಾ ಇತ್ತು. ಇಂಗುಗುಂಡಿ ಅದು, ಕಣ್ಣು ತೆರೀಬಾರ್ದು, ಮುಚ್ಚಿ ಮೇಲೆ ಬರ್ಬೇಕು ಅಂತ ಗೊತ್ತಿತ್ತು. ಆದ್ರೆ ಕಣ್ಣು ಕಂಡ್ರೆ ನಮ್ ಕೈ ಸುಮ್ನಿರತ್ತೇನೇ? ಅಪ್ಪ ಕಲಿಸಿದ್ದೇ ಅದು. ಕಣ್ಣು ಕಂಡ್ರೆ ತೊಳಿ, ಅಗಲ ಮಾಡು, ಹರಿಯೋಕೆ ಬಿಡು. ಹಾರೆ ಹಾಕಿದೆ, ಕೈ ಹಾಕಿದೆ, ಭುಜದ ತನಕ ಹೋಯ್ತು. ಬುಳಕ್ ಅಂತ ಬಂತು. ಏನ್ ನೀರು ಅಂತೀಯ! ಖುಷಿಯಾಗಿ ಅಲ್ಲೇ ಕುಡಿದೆ. ಕುಡಿದ್ಮೇಲೆ ಗೊತ್ತಾಯ್ತು. ನಮ್ ಬಾವಿ ನೀರಿನ ರುಚಿ.”

ನಾನು ಸುತ್ತಿಗೆ ಕೆಳಗಿಟ್ಟೆ.

“ಮುಚ್ಚೋಣ ಅಂದ್ರೆ ಜೇಡಿಮಣ್ಣಿಲ್ಲ. ಮೇಲ್ ಬಂದು ಧಣಿಗೆ ಹೇಳ್ದೆ. ಅವ್ನು ಹೆಗಲ ಮೇಲೆ ಕೈ ಹಾಕಿ, ‘ಮುಚ್ಚೋದು ಬೇಡ ಬಿಡು, ನನ್ ಟ್ಯಾಂಕರಿಗಾಗುತ್ತೆ. ಸಹಿ ಹಾಕು. ಹಾಕ್ದೆ ಇದ್ರೆ ನಿಮ್ ಬಾವಿ ಬತ್ತಿಸಿದೋನು ಇವನೇ ಅಂತ ನಿಮ್ ಕೇರಿಗೆ ನಾನೇ ಬಂದು ಹೇಳ್ತೀನಿ, ಅವರೇ ನಿನ್ನ ಹೂಳ್ತಾರೆ’ ಅಂದ. ಸುಳ್ಳೇನಲ್ವಲ್ಲ. ಬತ್ತಿಸಿದ್ದು ನಾನೇ ತಾನೆ?”

ನನಗೆ ಅಳು ಬಂತು, ಸಿಟ್ಟೂ ಬಂತು. ಅವನನ್ನು ತಬ್ಬಿಕೊಳ್ಳಬೇಕೋ ಹಾರೆಯಿಂದ ಹೊಡೆಯಬೇಕೋ ತಿಳಿಯಲಿಲ್ಲ. ಒಳಗೆ ಮಲಗಿದ್ದ ಅತ್ತೆ ಎಲ್ಲ ಕೇಳಿಸಿಕೊಂಡಿದ್ದಳು. ಗೋಡೆ ಹಿಡಿದುಕೊಂಡು ಹೊರಗೆ ಬಂದಳು.

“ನಿಮ್ಮಪ್ಪ ಇದ್ದಿದ್ರೆ ಆ ಕೈ ಮುರೀತಿದ್ದ” ಎಂದಳು. ಜಗುಲಿಯ ಅಂಚಿಗೆ ಕೂತು, “ಕಣ್ಣು ತೆರೆಯೋದೊಂದೇ ಕಲಿಸಿದ್ನೇನೋ ಅವನು? ಮುಚ್ಚೋದೂ ಕಲಿಸಿದ್ದ. ಪಾಯಿಖಾನೆ ಕಡೆಯಿಂದ ನೀರು ಬಂದ್ರೆ ಏನ್ ಮಾಡ್ತೀರ?” ಎಂದಳು.

ಜೇಡಿಮಣ್ಣಿಗೆ ಹರಕು ಬಟ್ಟೆ ಸೇರಿಸಿ, ಹಿಟ್ಟಿನ ಹಾಗೆ ನಾದಿ, ಮುಷ್ಟಿಯಿಂದ ಗುದ್ದಿ ಗುದ್ದಿ ತುಂಬುತ್ತೇವೆ. ಅದು ನಮ್ಮ ಕೇರಿಯ ಹೆಣ್ಣುಮಕ್ಕಳಿಗೂ ಗೊತ್ತು, ನಾದುವವರು ನಾವೇ.

ಆ ಸಂಜೆಯೇ ನಾನು ಮೂಲೆಮನೆಗೆ ಹೋಗಿ ಎಲ್ಲ ಹೇಳಿದೆ. ಅಕ್ಕ ತೊಟ್ಟಿಲು ತೂಗುವುದನ್ನು ನಿಲ್ಲಿಸಲಿಲ್ಲ. “ನಿನ್ ಗಂಡನ ಮಾತು ನೀನ್ ನಂಬು. ನಂಗ್ಯಾಕೆ ಹೇಳ್ತೀಯ?” ಎಂದಳು. ನಾನು ನಂಬಿದ್ದೆನೇ? ಅದೂ ನನಗೆ ಸರಿಯಾಗಿ ಗೊತ್ತಿರಲಿಲ್ಲ.

*

ಮುಂದಿನ ವಾರ ನೀರಿನ ಕಚೇರಿಯ ದೊಡ್ಡ ಸಾಹೇಬರು ಗುಂಡಿ ನೋಡಲು ಬರುತ್ತಾರೆಂದು ಗೊತ್ತಾಯಿತು. ಶೆಡ್ಡು ಮಾಯವಾಯಿತು, ಅದರೊಳಗೆ ಹಿಂದಿನ ರಾತ್ರಿಯ ತನಕ ಗುಂಯ್ ಎಂದು ನೀರೆತ್ತುತ್ತಿದ್ದ ಮೋಟರೂ ಮಾಯವಾಯಿತು. “ಮಾದರಿ ಇಂಗುಗುಂಡಿ” ಎಂಬ ಹಲಗೆ ಬಂತು. ಚಪ್ಪಡಿ ಎತ್ತಲು ನನ್ನ ಗಂಡನಿಗೆ ಕರೆ, ಗುಂಡಿಯ ಅಂಚು ಚೆಂದಕ್ಕೆ ಮೆತ್ತಲು ನಮ್ಮ ಕೇರಿಯ ಹೆಂಗಸರಿಗೆ ಕರೆ.

“ಜೇಡಿಮಣ್ಣು ನೀವೇ ತರ್ಬೇಕು. ಬಾಯಿ ಮುಚ್ಕೊಂಡು ಮೆತ್ಬೇಕು. ಸಾಹೇಬ್ರ ಮುಂದೆ ಯಾವಳಾದ್ರೂ ಕಿಸಕ್ ಅಂದ್ರೆ ನಾಲಿಗೆ ಕೀಳ್ತೀನಿ” ಎಂದ ಧಣಿ.

ಜೇಡಿಮಣ್ಣು ನೀವೇ ತನ್ನಿ ಎಂದು ಅವನ ಬಾಯಲ್ಲೇ ಬಂತು! ಹನ್ನೆರಡು ಬುಟ್ಟಿ ನಾದಿಕೊಂಡು ಹೋದೆವು. ನನ್ನ ಬುಟ್ಟಿಯಲ್ಲಿ ಹರಕು ಬಟ್ಟೆ ಸೇರಿಸಿದ್ದೆ. ಬೇರೆಯವರ ಬುಟ್ಟಿಯಲ್ಲಿ ಏನಿತ್ತೋ ನೋಡಲಿಲ್ಲ, ಯಾರೂ ನನ್ನ ಜೊತೆ ಮಾತಾಡುತ್ತಿರಲಿಲ್ಲ.

ಹಾಡುಹಗಲು, ಸುಡುವ ಬಿಸಿಲು. ರಾಟೆ ಕಟ್ಟಿ ಚಪ್ಪಡಿ ಪಕ್ಕಕ್ಕೆ ಸರಿಸಿದರು. ದೊಡ್ಡ ಸಾಹೇಬರು ಕೊಡೆಯ ನೆರಳಲ್ಲಿ ಬಗ್ಗಿ ನೋಡಿದರು. ಕತ್ತಲೆ ಬಿಟ್ಟು ಅವರಿಗೇನು ಕಂಡಿತೋ, “ಒಳ್ಳೇ ಕೆಲಸ” ಎಂದರು. ಇಂಜಿನಿಯರ್ ಮೇಲಿನ ನೀರು, ಕೆಳಗಿನ ನೀರು ಎಂದು ಏನೇನೋ ವಿವರಿಸಿದ. ಟ್ಯಾಂಕರಿನ ಪೈಪು ಗುಂಡಿಯ ಬಾಯಿಗೆ ತಂದಿಟ್ಟಿದ್ದರು, ನೀರು ಬಿಟ್ಟು ಇಂಗುವುದನ್ನು ತೋರಿಸಿ ಫೋಟೊ ತೆಗೆಯಬೇಕಂತೆ. ಸಾಹೇಬರು ನನ್ನ ಗಂಡನ ಕಡೆ ತಿರುಗಿದರು.

“ನೀನೇ ತೋಡಿದ್ದಾ? ಏನಪ್ಪಾ, ನೀರು ಚೆನ್ನಾಗಿ ಇಂಗುತ್ತಾ?”

ಅವನು ಇಂಗು ತಿಂದ ಮಂಗನ ಹಾಗೆ ನಿಂತ. ಹೇಳು, ಈಗ ಹೇಳು ಎಂದು ಅವನ ಬಾಯನ್ನೇ ನೋಡಿದೆ. ಹೆಂಗಸರ ಕೈಗಳೆಲ್ಲ ಮೆತ್ತುವುದನ್ನು ನಿಲ್ಲಿಸಿದ್ದವು. ಧಣಿ ಗಂಟಲು ಸರಿಮಾಡಿಕೊಂಡ.

“ಇಂಗುತ್ತೆ ಸ್ವಾಮಿ” ಎಂದ ನನ್ನ ಗಂಡ.

ಮೂಲೆಮನೆಯಕ್ಕ ನೆಲಕ್ಕೆ ಉಗಿದಳು. ನನಗೆ ಮೈಯೆಲ್ಲ ಬೆಂಕಿ ಬಿದ್ದಂತಾಯಿತು. ಎದ್ದೆ. ಸೀರೆ ಕಚ್ಚೆ ಹಾಕಿದೆ. ರಾಟೆಯ ಹಗ್ಗದ ಒಂದು ತುದಿ ಸೊಂಟಕ್ಕೆ ಬಿಗಿದು ಇನ್ನೊಂದು ತುದಿಯನ್ನು ಅವನತ್ತ ಎಸೆದೆ. ಹಗ್ಗ ಎಸೆದರೆ ಹಿಡಿಯದ ಕೈ ನಮ್ಮ ಕೇರಿಯಲ್ಲಿಲ್ಲ. ಮನಸ್ಸು ಏನೆಂದಿತೋ, ಕೈ ಹಿಡಿಯಿತು. ನನ್ನ ಬುಟ್ಟಿಯನ್ನು ಕಂಕುಳಲ್ಲಿ ಅವುಚಿಕೊಂಡು ಇಳಿದುಬಿಟ್ಟೆ. ಹೆಣ್ಣು ಗುಂಡಿಗಿಳಿದದ್ದು ನಮ್ಮಲ್ಲಿ ಅದೇ ಮೊದಲು.

ತಳದಲ್ಲಿ ಮೊಣಕಾಲವರೆಗೆ ನೀರು. ಜಲ್ಲಿಯೂ ಇಲ್ಲ, ಜಲ್ಲಿಯ ಅಪ್ಪನೂ ಇಲ್ಲ. ಹಳ್ಳದ ಕಡೆ ಗೋಡೆಯಲ್ಲಿ ಕಣ್ಣು, ಒಂದು ಮಗುವಿನ ತಲೆ ತೂರುವಷ್ಟು ಅಗಲ. ಅದರಿಂದ ನೀರು ಸುರಿಯುತ್ತಿತ್ತು, ತಿಳಿಯಾದ ತಣ್ಣನೆಯ ನೀರು. ಒಂದು ಬೊಗಸೆ ಕುಡಿದೆ. ನಮ್ಮ ಬಾವಿಯದೇ ರುಚಿ. ಅವನು ಅಷ್ಟರಮಟ್ಟಿಗೆ ಸುಳ್ಳು ಹೇಳಿರಲಿಲ್ಲ.

“ಹೊರಗೆ ಬಾರೇ ಮುಂಡೆ!” ಧಣಿಯ ಕೂಗು ಗೋಡೆಗೆ ಬಡಿಯುತ್ತ ಬಂತು.

“ಹುಚ್ಚಿ ಸಾರ್, ಅವಳಿಗೆ ತಲೆ ಸರಿಯಿಲ್ಲ ಸಾರ್” ಎಂದ ಇಂಜಿನಿಯರ್.

ಮಣ್ಣಿನ ಉಂಡೆಯನ್ನು ಕಣ್ಣಿಗೆ ತುರುಕಿ ಮುಷ್ಟಿಯಿಂದ ಗುದ್ದಿದೆ. ನೀರು ಅರ್ಧ ಮಣ್ಣನ್ನು ತಿರುಗಿ ನನ್ನ ಮುಖಕ್ಕೇ ಉಗಿಯಿತು. ಬುಟ್ಟಿ ಖಾಲಿಯಾಯಿತು, ಕಣ್ಣು ಇನ್ನೂ ಅರ್ಧ ತೆರೆದೇ ಇತ್ತು. ಉಳಿದದ್ದಕ್ಕೆ ನನ್ನ ಕೈಯನ್ನೇ ಭುಜದ ತನಕ ಒತ್ತಿ ಹಿಡಿದು, ಎಡಗೈಯಿಂದ ಹಗ್ಗವನ್ನು ಎರಡು ಸಲ ಎಳೆದೆ. ಬುಟ್ಟಿ ಕೆಳಗೆ ಬಿಡು.

ಏನೂ ಬರಲಿಲ್ಲ. ಹಗ್ಗ ಸಡಿಲವಾಗಿತ್ತು. ಬಿಟ್ಟು ಹೋದನೇ? ಇಷ್ಟು ದಿನ ಅವನ ಜೇಬು ತಡಕಾಡಿದವಳು ನಾನು, ಈಗ ನನ್ನ ಜೀವವೇ ಅವನ ಕೈಯಲ್ಲಿ.

“ನೀರು ಬಿಡ್ರೋ ಅವಳ ಮೇಲೆ! ತಾನಾಗೇ ಬರ್ತಾಳೆ” ಎಂದ ಧಣಿ. ಟ್ಯಾಂಕರಿನ ಪೈಪು ನೆತ್ತಿಯ ಮೇಲೆ ಸುರಿಯಿತು. ನಮ್ಮದೇ ನೀರು, ನಮ್ಮ ತಲೆಯ ಮೇಲೆ. ನೀರು ಸೊಂಟಕ್ಕೆ ಬಂತು. ಮೇಲೆ ಯಾವುದೋ ಜೀಪಿನ ಬಾಗಿಲು ಹಾಕಿಕೊಂಡ ಸದ್ದು. ದೊಡ್ಡ ಸಾಹೇಬರು ಹೊರಟರು.

ಮತ್ತೆ ಎರಡು ಸಲ ಎಳೆದೆ. ಹಗ್ಗ ಬಿಗಿಯಾಯಿತು. ಆ ಬಿಗಿ ನನಗೆ ಗೊತ್ತು, ಇಪ್ಪತ್ತು ವರ್ಷ ಅದೇ ಹಗ್ಗದ ಎರಡು ತುದಿಯಲ್ಲಿ ಬಾಳಿದವರು ನಾವು. ಹಿಂದೆಯೇ ಬೇರೊಂದು ಹಗ್ಗದಲ್ಲಿ ಒಂದು ಬುಟ್ಟಿ ಓಲಾಡುತ್ತ ಇಳಿದು ಬಂತು, ತುಂಬ ಜೇಡಿಮಣ್ಣು. ಅದು ಮುಗಿಯುವಷ್ಟರಲ್ಲಿ ಇನ್ನೊಂದು. ಅದರ ಅಂಚಿಗೆ ನೀಲಿ ಸೀರೆಯ ಚೂರು ಸುತ್ತಿತ್ತು. ಮೂಲೆಮನೆಯಕ್ಕನ ಬುಟ್ಟಿ. ಮಣ್ಣಿನೊಳಗೆ ಕೈ ಹಾಕಿದರೆ ಹರಕು ಬಟ್ಟೆ, ಬಾಣಂತಿಯ ಕೋಣೆಯದು, ಮೆತ್ತಗಿತ್ತು. ಅವಳು ಮನೆಯಲ್ಲೇ ಸೇರಿಸಿ ತಂದಿದ್ದಳು. ನಾನು ಅಲ್ಲಿ ನಿಂತು ಜೋರಾಗಿ ಅತ್ತೆ, ಅಳುತ್ತಲೇ ಗುದ್ದಿದೆ.

“ಚಪ್ಪಡಿ ಎಳೀರೋ! ಮುಚ್ಚಿ ಹಾಕಿ ಬೋಳಿಮಗಳನ್ನ!”

ಕಲ್ಲು ಕಲ್ಲಿಗೆ ಉಜ್ಜಿದ ಸದ್ದಾಯಿತು. ಹೆಂಗಸರು ಕಿರುಚಿದರು. ಯಾರೋ ಯಾರನ್ನೋ ತಳ್ಳಿದರು, ನನ್ನ ಗಂಡ ಕೂಗಿದ, ಏನೆಂದು ಕೂಗಿದನೋ ಗೋಡೆಗೆ ಬಡಿದು ಕಲಸಿಹೋಯಿತು. ಮೇಲಿದ್ದ ದುಂಡನೆಯ ಬೆಳಕು ಒಂದು ಕಡೆಯಿಂದ ಕರಗತೊಡಗಿತು, ಅರ್ಧಕ್ಕೆ ಬಂದು ನಿಂತಿತು, ಮತ್ತೆ ಅಲುಗಿತು. ಆ ಅರ್ಧ ಬೆಳಕಿನಲ್ಲಿ ಖಾಲಿ ಬುಟ್ಟಿ ನೀರಿನ ಮೇಲೆ ತೇಲುತ್ತಿತ್ತು. ಕಣ್ಣು ಇನ್ನೊಂದು ಗೇಣು ಮುಚ್ಚಬೇಕಿತ್ತು. ನೀರು ನನ್ನ ಎದೆ ಮುಟ್ಟಿತ್ತು.

ಮೂರು ಸಲ ಎಳೆದರೆ ನನ್ನನ್ನು ಎತ್ತುತ್ತಾರೆ. ನಾನು ಎರಡು ಸಲ ಎಳೆದೆ.